ಜೀಲಗದ ಕಾಯಿ ಒಡೆಯುವ ಮುನ್ನ

ಬೆಳಗಿನ ಐದೂಮುಕ್ಕಾಲು. ತುಂಗಭದ್ರೆಯ ಮೇಲಿನ ಮಂಜು ಇನ್ನೂ ದಂಡೆ ಬಿಟ್ಟು ಕದಲಿಲ್ಲ. ಮೈಲಾರದ ರಸ್ತೆಯಿಂದ ಎಡಕ್ಕೆ ಇಳಿದು ಪಂಪ್‌ಸೆಟ್ಟಿನ ಮನೆ ದಾಟಿದರೆ ಸಿಗುವ ಆರೆಕರೆ ಭತ್ತದ ಹೊಲ. ಅದರ ಬದುವಿನ ಮೇಲೆ ಏಳು ಜನ ಹೆಂಗಸರು ಸಾಲಾಗಿ ನಿಂತಿದ್ದಾರೆ. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಟವೆಲು, ಹೆಗಲ ಮೇಲೆ ಖಾಲಿ ಗೋಣಿಚೀಲ. ಭತ್ತ ಸೊಂಟದೆತ್ತರಕ್ಕೆ ಬೆಳೆದು ಬಂಗಾರದ ಬಣ್ಣಕ್ಕೆ ತಿರುಗಿದೆ. ಅದರ ನಡುನಡುವೆ, ಭತ್ತಕ್ಕಿಂತ ಒಂದೆರಡು ಮೊಳ ಮೇಲೆ, ಸಣ್ಣ ಎಲೆಯ ಗಿಡಗಳು ತೆಳ್ಳನೆಯ ಉದ್ದ ಕಾಯಿ ಇಳಿಬಿಟ್ಟುಕೊಂಡು ಅಲ್ಲಾಡದೆ ನಿಂತಿವೆ. ಎಲ್ಲರಿಗಿಂತ ಮುಂದೆ ಇರುವ ಹೆಂಗಸು ಒಂದು ಕಾಯಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸುತ್ತಾರೆ. ಉಳಿದ ಆರು ಜನ ನೋಡುತ್ತಾರೆ.

"ಬಗ್ಗತೈತಿ," ಎನ್ನುತ್ತಾರೆ ಹುಸೇನ್ ಬೀ. "ಇಬ್ಬನಿ ಇರೋತನಕ ಇದು ನಮ್ಮ ಮಾತು ಕೇಳ್ತೈತಿ. ಬಿಸಿಲು ಬಿತ್ತಂದ್ರ ಯಾರ ಮಾತೂ ಕೇಳಂಗಿಲ್ಲ. ನಡೀರಿ ಒಳಗ."

ಈ ಗಿಡದ ಹೆಸರು ಜೀಲಗ. ಹೂವಿನಹಡಗಲಿಯ ಐವತ್ತೊಂದು ವರ್ಷದ ಹುಸೇನ್ ಬೀ ಏಳು ವರ್ಷದಿಂದ ಹೊಳೆಸಾಲಿನ ಹಳ್ಳಿಗಳಲ್ಲಿ ಇದನ್ನು ಕೀಳಿಸುವ ಗುಂಪಿನ ಮುಂದಾಳು. ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಜೀಲಗದ ಕಾಯಿಯೂ ಬಲಿತಿರುತ್ತದೆ. ಇಬ್ಬನಿಯಲ್ಲಿ ನೆನೆದ ಕಾಯಿ ಮೆತ್ತಗಿರುತ್ತದೆ. ಒಂಬತ್ತರ ಬಿಸಿಲಿಗೆ ಒಣಗಿ, ಅಂಗಿಯ ತೋಳು ತಾಗಿದರೂ ಚಟ್ಟನೆ ಸೀಳಿ ಬೀಜ ಚೆಲ್ಲುತ್ತದೆ. ಚೆಲ್ಲಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿದ್ದು, ತನಗೆ ಬೇಕಾದಾಗ ಏಳುತ್ತದೆ. ಅದಕ್ಕೇ ಈ ಕೆಲಸಕ್ಕೆ ದಿನದಲ್ಲಿ ಸಿಗುವುದು ಬರೀ ಮೂರು ತಾಸು.

ಇವತ್ತು ಆ ಮೂರು ತಾಸೂ ಸಾಲುವಂತಿಲ್ಲ. ನಿನ್ನೆ ಹನ್ನೆರಡು ಜನ ಇದ್ದರು. ಕೊಟ್ಟೂರು ಕಡೆ ಉಳ್ಳಾಗಡ್ಡಿ ಕೀಳುವ ಕೆಲಸ ಶುರುವಾಯಿತೆಂದು ಐದು ಜನ ನಿನ್ನೆ ಸಂಜೆಯೇ ಹೇಳಿ ಅತ್ತ ಹೋಗಿದ್ದಾರೆ. ಇನ್ನೂ ಎರಡೆಕರೆ ಬಾಕಿ. ಹನ್ನೊಂದು ಗಂಟೆಗೆ ಕೊಯ್ಯುವ ಮಶೀನು ಬರುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋ ಎರಡು ದಿನದಿಂದ ಹೇಳುತ್ತಿದೆ. ಮೂಡಲ ದಿಕ್ಕಿನಲ್ಲಿ ಮೋಡ ಆಗಲೇ ಕಪ್ಪಾಗಿ ಕೂತಿದೆ.

ಜೀಲಗ ಮೂಲದಲ್ಲಿ ಕೆಟ್ಟ ಗಿಡವಲ್ಲ. ತೊಗರಿ, ಹೆಸರುಕಾಳುಗಳ ಬಳಗದ್ದೇ. ಡಯಾಂಚ ಎಂಬ ಹೆಸರಿನಲ್ಲಿ ಹಸಿರುಗೊಬ್ಬರಕ್ಕೆಂದು ಬಿತ್ತಿ, ಹೂ ಬಿಡುವ ಮೊದಲೇ ಉತ್ತು ಮಣ್ಣಿಗೆ ಸೇರಿಸಿದರೆ ಭೂಮಿಗೆ ಬಲ. ಈ ಹೊಲದ ಯಜಮಾನ ಗುರುಸಂಗಪ್ಪ ನಾಲ್ಕು ವರ್ಷದ ಹಿಂದೆ ಮಾಡಿದ್ದೂ ಅದನ್ನೇ. ಆ ಸಲ ಟ್ರ್ಯಾಕ್ಟರ್ ಸಿಗುವುದು ತಡವಾಯಿತು. ಸಿಗುವಷ್ಟರಲ್ಲಿ ಹೊಳೆ ಏರಿ ಹೊಲದ ಕೆಳಗಿನ ಮಡಿಗಳಲ್ಲಿ, ಬದು ಕಟ್ಟಿದ ತುಂಡುಗಳಲ್ಲಿ, ನೀರು ನಿಂತಿತು. ನೀರು ಇಳಿದಾಗ ಗಿಡ ಆಳೆತ್ತರವಾಗಿ ಕಾಯಿ ಒಡೆದಿತ್ತು. ಗೊಬ್ಬರವಾಗಬೇಕಾದದ್ದು ಕಳೆಯಾಯಿತು. ಅಂದಿನಿಂದ ಪ್ರತಿ ವರ್ಷ ಭತ್ತದ ಜೊತೆಗೆ ಅದೂ ಏಳುತ್ತದೆ. ಕೊಟ್ಟ ನೀರು, ಹಾಕಿದ ಗೊಬ್ಬರ ಎಲ್ಲವನ್ನೂ ಭತ್ತಕ್ಕಿಂತ ಮೊದಲು ತಾನೇ ಉಂಡು ಬೆಳೆಯುತ್ತದೆ.

ಹುಸೇನ್ ಬೀ ಹೊಲದ ಮನೆತನದಿಂದ ಬಂದವರಲ್ಲ. ತವರು, ಗಂಡನ ಮನೆ ಎರಡೂ ಪೇಟೆಯವು. ಗಂಡ ಹಸನ್ ಸಾಬ್ ಹಡಗಲಿಯಲ್ಲಿ ಹೆಸರುವಾಸಿ ಮೆಕ್ಯಾನಿಕ್ಕು. ಪಂಪ್‌ಸೆಟ್ಟು, ಡೀಸೆಲ್ ಇಂಜಿನ್ನು, ಒಕ್ಕುವ ಮಶೀನು, ಯಾವುದು ಕೆಟ್ಟರೂ ಮೈಲಾರದಿಂದ ಹಿಡಿದು ಹರಪನಹಳ್ಳಿ ಕಡೆಯ ಹೊಳೆದಂಡೆಯ ತನಕ ಅವರಿಗೇ ಕರೆ ಬರುತ್ತಿತ್ತು. ೧೯೯೮ರ ಡಿಸೆಂಬರಿನಲ್ಲಿ ಒಂದು ಹಳ್ಳಿಯಿಂದ ಹಾಗೇ ಕರೆ ಬಂತು. ಭತ್ತ ಒಕ್ಕುವ ಮಶೀನು ನಡುವೆಯೇ ನಿಂತುಬಿಟ್ಟಿತ್ತು. ಭತ್ತದ ಕಟ್ಟಿನ ಜೊತೆ ಒಳಗೆ ಹೋದ ಜೀಲಗದ ಕಾಂಡ ಡ್ರಮ್ಮಿಗೆ ಸುತ್ತಿಕೊಂಡಿತ್ತು.

"ಅದು ನಾರಿನ ಗಿಡ್ರಿ, ಪುಂಡಿನಾರು ಇದ್ದಂಗ," ಎಂದು ಹಸನ್ ಸಾಬ್ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಿಧಾನಕ್ಕೆ ಹೇಳುತ್ತಾರೆ. ಚಹಾದ ಲೋಟ ಎಡಗೈಯಲ್ಲಿದೆ. "ಹಗ್ಗ ಹೊಸೆದಂಗ ಹೊಸಕೊಂಡಿತ್ತು. ಇಂಜಿನ್ ಬಂದ್ ಇತ್ತು, ಬೆಲ್ಟೂ ತಗದಿದ್ದೆ. ಯಾರೂ ಚಾಲೂ ಮಾಡ್ಲಿಲ್ಲ, ಯಾರ್ದೂ ತಪ್ಪಿಲ್ಲ. ನಾರು ಡ್ರಮ್ಮನ್ನ ಬಿಗಿದು ಹಿಡಿದಿತ್ತು. ನಾ ಕೊಯ್ದೆ ನೋಡ್ರಿ, ಬಿಗಿ ಬಿಚ್ಚಿ ಡ್ರಮ್ಮು ಗಪ್ಪನ ಅರ್ಧ ಸುತ್ತು ತಿರುಗಿಬಿಡ್ತು. ಅಷ್ಟ."

ಬಲಗೈಯ ಮೂರು ಬೆರಳು ಹೋದವು. ಉಳಿದ ಎರಡರಲ್ಲಿ ನಟ್ಟು ಬಿಚ್ಚುವ ಪಾನಾ ನಿಲ್ಲುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಹದಿನೈದನೇ ದಿನ ಹುಸೇನ್ ಬೀ ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಹಳ್ಳಿಗೆ ಹೋದರು. "ಆ ಗಿಡ ಯಾವ್ದಂತ ನೋಡಬೇಕಿತ್ತು ನನಗ," ಎನ್ನುತ್ತಾರೆ. ಕೊಯ್ಲು ಮುಗಿದು ಹೊಲ ಬರಿದಾಗಿತ್ತು. ಬದುವಿನ ಮೇಲೆ ಮಾತ್ರ ನಾಲ್ಕು ಗಿಡ ಒಣಗಿ ನಿಂತಿದ್ದವು. ಮಟಮಟ ಮಧ್ಯಾಹ್ನದಲ್ಲಿ ಅವನ್ನು ಬುಡ ಹಿಡಿದು ಜಗ್ಗಿ ಜಗ್ಗಿ ಕಿತ್ತರು. ಅಂಗೈ ಒಡೆದು ರಕ್ತ ಬಂತು. ಕಾಯಿಗಳೆಲ್ಲ ಪಟಪಟ ಸಿಡಿದವು. ಮರುವರ್ಷ ಹೋಗಿ ನೋಡಿದರೆ ಅದೇ ಜಾಗದಲ್ಲಿ ಎಣಿಸಲಾರದಷ್ಟು ಸಸಿ.

"ಸಿಟ್ಟಿಲೆ ಕಿತ್ತಿದ್ದೆ. ಸಿಟ್ಟಿಲೆ ಕೀಳಬಾರದು ಅನ್ನೋದು ಆಮ್ಯಾಲೆ ಗೊತ್ತಾತು."

ಮನೆ ನಡೆಯಬೇಕಿತ್ತು. ಆ ಹಳ್ಳಿಯ ಕಲ್ಯಾಣಮ್ಮನ ಜೊತೆ ಕಳೆ ಕೀಳಲು ಹೊರಟರು. ಕಲ್ಯಾಣಮ್ಮ ಈಗಲೂ ಅದನ್ನು ನೆನೆದು ನಗುತ್ತಾಳೆ. "ಮೊದಲ ದಿನ ಹುಲ್ಲು ಬಿಟ್ಟು ಭತ್ತದ ಸಸಿ ಕಿತ್ತು ಒಂದು ರಾಶಿ ಹಾಕಿದ್ಲು ನಮ್ಮಕ್ಕ. ಹೊಲದಾಕಿ ನಮ್ಮನ್ನೆಲ್ಲಾ ಓಡಿಸಿಬಿಟ್ಟಿದ್ಲು. ಆದ್ರ ಜೀಲಗ ಮಾತ್ರ ಎಲ್ಲಿದ್ರೂ ಬಿಡ್ತಿದ್ದಿಲ್ಲ. ಎರಡೆಲಿ ಇದ್ದಾಗ್ಲೂ ಗುರ್ತು ಹಿಡೀತಿದ್ಲು."

ಕೀಳುವ ರೀತಿಯನ್ನು ಹುಸೇನ್ ಬೀ ತಾವೇ ಕಂಡುಕೊಂಡದ್ದು. ಮೊದಲು ಗೋಣಿಚೀಲವನ್ನು ಗಿಡದ ತಲೆಯ ಮೇಲಿಂದ ಇಳಿಸುವುದು, ಮಗುವಿಗೆ ಕುಲಾವಿ ಹಾಕುವಷ್ಟು ಮೆತ್ತಗೆ. ಚೀಲದ ಬಾಯನ್ನು ಎಡಗೈಯಲ್ಲಿ ಬಿಗಿಯುವುದು. ಆಮೇಲೆ ಬುಡಕ್ಕೆ ಸಣ್ಣ ಗುದ್ದಲಿಯಿಂದ ಒಂದೇ ಏಟು, ನೆಲದ ಮಟ್ಟಕ್ಕೆ. ಕೊಯ್ಲಿಗೆಂದು ನೀರು ಬಸಿದ ಹೊಲದ ಮಣ್ಣು ಗಟ್ಟಿ, ಬೇರು ಏಳುವುದಿಲ್ಲ. ಹೆಬ್ಬೆರಳಿನ ದಪ್ಪದ ಕಾಂಡ ಒಂದೇ ಏಟಿಗೆ ಬೀಳದಿದ್ದರೆ ಗಿಡ ನಡುಗುತ್ತದೆ. ನಡುಗಿದರೆ ಬೀಜ ಉದುರುತ್ತದೆ. ಒಬ್ಬೊಬ್ಬರು ಒಂದು ಬೆಳಗಿಗೆ ಇನ್ನೂರರಿಂದ ಇನ್ನೂರೈವತ್ತು ಗಿಡ ತೆಗೆಯುತ್ತಾರೆ. ತುಂಬಿದ ಚೀಲಗಳನ್ನು ಬದುವಿಗೆ ಹೊತ್ತು ತಂದು, ಅಲ್ಲೇ ಗುಂಡಿಯಲ್ಲಿ ಸುಡುತ್ತಾರೆ. ಒಂದು ಗಿಡದಲ್ಲಿ ಎಷ್ಟು ಬೀಜ ಇರುತ್ತದೆ ಎಂದು ಹಸನ್ ಸಾಬ್ ಒಮ್ಮೆ ಕೂತು ಎಣಿಸಿದ್ದರು. ಎರಡು ಸಾವಿರದ ಏಳುನೂರಕ್ಕೆ ಬೇಸತ್ತು ಬಿಟ್ಟರು.

ಎಂಟೂಕಾಲು. ಇಬ್ಬನಿ ಆರುತ್ತಿದೆ. ಗುದ್ದಲಿಯ ಏಟು, ಚೀಲದ ಸರಬರ ಸದ್ದು, ಅಷ್ಟೇ. ಮೇಲಿನ ಮಡಿ ಮುಗಿಸಿ ಹೊಳೆಯ ಕಡೆಗಿರುವ ಕೊನೆಯ ಮಡಿಗೆ ಇಳಿದಾಗ ಹುಸೇನ್ ಬೀಗೆ ಒಂದು ಕ್ಷಣ ಜೀವ ಹಗುರವಾಗುತ್ತದೆ. ಈ ಮಡಿಯಲ್ಲಿ ಗಿಡವೇ ಇಲ್ಲ. ಒಂದೂವರೆ ಎಕರೆ ಭತ್ತ, ಚಾಪೆ ಹಾಸಿದಂತೆ ಸಮನಾಗಿದೆ.

ಮುಂದೆ ಹೋದ ಕಲ್ಯಾಣಮ್ಮ ಅಲ್ಲೇ ನಿಲ್ಲುತ್ತಾಳೆ. "ಅಕ್ಕಾ, ಇಲ್ಲಿ ಬಾ. ಕಾಲಿಗೆ ಏನೋ ಹೊಡೀತೈತಿ."

ಹುಸೇನ್ ಬೀ ಬಗ್ಗಿ ಭತ್ತವನ್ನು ಎರಡು ಕೈಯಿಂದ ಸರಿಸುತ್ತಾರೆ. ತೆನೆಗಳ ಕೆಳಗೆ ಮರೆಯಾಗಿ ಒಂದು ಕೂಳೆ ನಿಂತಿದೆ. ತೊಡೆಯೆತ್ತರ, ಓರೆಯಾಗಿ ಕೊಯ್ದ ತುದಿ, ಕೊಯ್ದ ಗಾಯ ಇನ್ನೂ ಬೆಳ್ಳಗೆ ಹಸಿ. ಪಕ್ಕದಲ್ಲೇ ಇನ್ನೊಂದು. ಆಚೆ ಐದು. ಎತ್ತ ಸರಿಸಿದರತ್ತ ಗೂಟ ನೆಟ್ಟಂತೆ. ಬಸಿಗಾಲುವೆಯ ಪಕ್ಕ ಜೀಲಗದ ತಲೆಗಳು ರಾಶಿ ಬಿದ್ದಿವೆ, ಕಾಯಿಗಳ ಸಮೇತ.

ನಿನ್ನೆ ಸಂಜೆ ತಾವು ಟಂಟಂ ಆಟೋ ಹತ್ತಿ ಹೋದ ಮೇಲೆ ಯಾರೋ ಕುಡುಗೋಲು ತಂದು ಮೇಲೆ ಕಾಣುವುದನ್ನಷ್ಟೇ ಸವರಿ ಹೋಗಿದ್ದಾರೆ. ಯಾರು ಎಂದು ಹುಡುಕಿಕೊಂಡು ಹೋಗುವ ಕೆಲಸ ಉಳಿಯಲಿಲ್ಲ. ಗುರುಸಂಗಪ್ಪ ಬೈಕು ನಿಲ್ಲಿಸಿ ಬದುವಿನ ಮೇಲೆ ಬರುತ್ತಿದ್ದಾರೆ.

"ಆತಲ್ಲ? ಮ್ಯಾಲೆ ಬರ್ರಿ ಎಲ್ಲಾರೂ," ಎನ್ನುತ್ತಾರೆ ಅವರು. "ಕೊಯ್ಯೋ ಗಾಡಿ ರಸ್ತೆಗೆ ಬಂದೈತಿ. ಡ್ರೈವರ್ ಮೋಡ ನೋಡಿ ಬೇಗ ಹೊಂಟಾನ."

"ಯಜಮಾನ್ರ, ಇದನ್ನ ಯಾರು ಕೊಯ್ದಾರ?"

"ನಮ್ಮ ಆಳುಗಳು. ನೀವು ಏಳು ಮಂದಿ ಬರ್ತೀರಂತ ಗೊತ್ತಾತು, ಮುಗಿಯಂಗಿಲ್ಲ ಅಂತ ಕೊಯ್ಸೀನಿ. ಡ್ರೈವರ್ ಜೀಲಗ ಕಂಡ್ರ ಗಾಡಿ ಇಳಿಸಂಗಿಲ್ಲ. ಈಗ ಕಾಣಂಗಿಲ್ಲಲ್ಲ?"

"ಡ್ರೈವರಿಗೆ ಕಾಣಂಗಿಲ್ರಿ. ಮಶೀನಿನ ಬ್ಲೇಡು ಕೆಳಗ ಹೋಗ್ತೈತಲ್ಲ, ಅದಕ್ಕ ಸಿಗತೈತಿ."

ಗುರುಸಂಗಪ್ಪ ಕೆಟ್ಟ ಮನುಷ್ಯರಲ್ಲ. ದಿನದ ಕೂಲಿ ದಿನವೇ ಕೊಡುವವರು. ಹೋದ ವರ್ಷ ಇದೇ ಹೊಲದ ಭತ್ತ ಮಳೆಗೆ ಮಲಗಿ, ತೆನೆಯಲ್ಲೇ ಮೊಳಕೆ ಬಂದದ್ದನ್ನು ಹುಸೇನ್ ಬೀ ಕಣ್ಣಾರೆ ಕಂಡಿದ್ದಾರೆ. ಈಗ ಯಜಮಾನರ ಧ್ವನಿ ಏರುತ್ತದೆ. "ಹೋದ ವರ್ಷ ನೀ ನೋಡಿಲ್ಲೇನು? ಈ ಗಾಡಿ ಈಗ ಹೊಳ್ಳಿ ಹೋದ್ರ ಮತ್ತ ಹನ್ನೆರಡು ದಿನ. ಆ ಮೋಡ ಹನ್ನೆರಡು ದಿನ ಕಾಯ್ತೈತೇನು? ನೀನ ಹೇಳು."

ಗುರುಸಂಗಪ್ಪ ಹೇಳುವುದೂ ಸುಳ್ಳಲ್ಲ. ಪಂಪಿನ ಮನೆಯ ಹಿಂದಿನಿಂದ ಮಶೀನಿನ ಸದ್ದು ಬರುತ್ತದೆ. ಮೊದಲು ನೆಲದಲ್ಲಿ, ಆಮೇಲೆ ಕಿವಿಯಲ್ಲಿ. "ಆ ಸದ್ದು ಕೇಳಿದ್ರ ಈಗೂ ನನ್ನೆದಿ ಢವಢವ ಅಂತೈತ್ರಿ," ಎಂದು ಆಮೇಲೊಂದು ದಿನ ಹೇಳಿದರು. "ಅವತ್ತು ಸುಮ್ನ ಬದುವಿನ ಮ್ಯಾಲೆ ಕುಂತುಬಿಡೋಣ ಅನ್ನಿಸಿತ್ತು. ಖರೇನ ಹೇಳ್ತೀನಿ."

ಕೂರಲಿಲ್ಲ. ಭತ್ತದ ನಡುವಿನಿಂದ ಎದ್ದು, ಬದು ದಾಟಿ, ಮಶೀನು ಹೊಲಕ್ಕೆ ಇಳಿಯುವ ದಾರಿಗೆ ಹೋಗಿ ನಿಂತರು. ಹಲ್ಲಿನ ಸಾಲಿನಂಥ ಬ್ಲೇಡು ಮುಂದೆ ಮಾಡಿಕೊಂಡು ಬಂದ ಮಶೀನು ಅವರಿಂದ ಹತ್ತು ಮಾರು ದೂರದಲ್ಲಿ ನಿಲ್ಲುತ್ತದೆ. ಮೇಲೆ ಕೂತವನು ಗಂಗಾವತಿ ಕಡೆಯ ಅಮ್ಜದ್. ಮೂವತ್ತರ ಆಸುಪಾಸು, ಕಣ್ಣು ನಿದ್ದೆಗೆಟ್ಟು ಕೆಂಪಾಗಿವೆ. ಉರ್ದುವಿನಲ್ಲಿ ಏನಾಯಿತು ಎಂದು ಕೇಳುತ್ತಾನೆ. ಹುಸೇನ್ ಬೀ ಬೇಕೆಂದೇ ಕನ್ನಡದಲ್ಲಿ ಉತ್ತರಿಸುತ್ತಾರೆ. ಯಜಮಾನರ ಬೆನ್ನ ಹಿಂದೆ ಮಾತಾಡಿದಂತೆ ಆಗಬಾರದು.

"ಇಳಿದು ಬಾ ಬೇಟಾ. ಕೆಳಗಿನ ಮಡ್ಯಾಗ ಒಂದ್ಸಲ ಕೈ ಇಟ್ಟು ನೋಡು."

ಅಮ್ಜದ್ ಗುರುಸಂಗಪ್ಪನ ಮುಖ ನೋಡುತ್ತಾನೆ. ಅವರು ಹೊಳೆಯ ಕಡೆ ತಿರುಗುತ್ತಾರೆ. ಅವನು ಇಳಿದು ಬಂದು, ಭತ್ತದೊಳಗೆ ತೋಳು ಇಳಿಸಿ, ಒಂದು ಕೂಳೆಯನ್ನು ಹಿಡಿದು ಅಲ್ಲಾಡಿಸುತ್ತಾನೆ. ಅದು ಅಲ್ಲಾಡುವುದಿಲ್ಲ. ಇನ್ನೂ ನಾಲ್ಕು ಕಡೆ ಕೈ ಹಾಕಿ ನೋಡುತ್ತಾನೆ.

"ಇದು ಸುತ್ತಿಕೊಂಡ್ರ ತೆಗಿಯೋನು ನಾನ, ಖಾಲಾ," ಎನ್ನುತ್ತಾನೆ, ಚಿಕ್ಕಮ್ಮನನ್ನು ಕರೆಯುವಂತೆ.

"ಅದಕ್ಕ ಕರೆದೆ."

ಗಂಡನ ಕೈಯ ವಿಷಯ ಅವರು ಹೇಳಲಿಲ್ಲ. ಆ ಹೊತ್ತಿಗೆ ಬಾಯಿಗೆ ಬಂದಿತ್ತು, ನುಂಗಿಕೊಂಡರು. "ಹೇಳಿದ್ರ ಅವ ಹೆದರಿ ಗಾಡಿ ತಿರುವಿಕೊಂಡು ಹೋಗಿಬಿಡ್ತಿದ್ದ. ಯಜಮಾನ್ರ ನೆಲ್ಲು ಹೊಲದಾಗ ಉಳೀತಿತ್ತು. ಅದೂ ಆಗಬಾರದಿತ್ತು."

ಅಮ್ಜದ್ ಮೋಡ ನೋಡುತ್ತಾನೆ, ಹೊಲ ನೋಡುತ್ತಾನೆ. ಕೊನೆಗೆ, "ಮ್ಯಾಲಿನ ಮಡಿಗಳು ಸಾಫ್ ಅದಾವಲ್ಲ? ಮೊದಲು ಅವನ್ನ ಕೊಯ್ತೀನಿ. ಮೂರು ತಾಸು ಹಿಡೀತೈತಿ. ಅಷ್ಟರಾಗ ನೀವು ಇಲ್ಲಿ ಎಷ್ಟು ತೆಗೀತೀರೋ ತೆಗೀರಿ. ನಾ ಕೆಳಗ ಬಂದಾಗ ಇಲ್ಲಿತನಕ ಅಂತ ಕೈ ತೋರಸ್ರಿ. ಅಲ್ಲಿತನಕ ಬರ್ತೀನಿ, ಒಂದು ಹೆಜ್ಜಿ ಮುಂದ ಬರಂಗಿಲ್ಲ."

ಒಂಬತ್ತೂವರೆ. ಹೆಂಗಸರು ಮೊಣಕಾಲೂರಿ ಭತ್ತದೊಳಗೆ ಇಳಿಯುತ್ತಾರೆ. ಈಗ ಕಣ್ಣಿಗೆ ಕೆಲಸವಿಲ್ಲ, ಕೈಗೆ ಮಾತ್ರ. ಮುಂದೆ ತಡವಿ ಕೂಳೆ ಸಿಕ್ಕರೆ ಬುಡಕ್ಕೆ ಏಟು. ಭತ್ತದ ಗರಿ ಕೆನ್ನೆ, ಕತ್ತು ಗೀರುತ್ತದೆ. ಇಬ್ಬರು ಕಾಲುವೆಯ ಪಕ್ಕದ ತಲೆಗಳ ರಾಶಿಯನ್ನು ಚೀಲಕ್ಕೆ ತುಂಬುತ್ತಾರೆ. ಬಿಸಿಲಿಗೆ ಅಲ್ಲಿ ಆಗಲೇ ಕಾಯಿ ಸಿಡಿಯುವ ಸದ್ದು. ಮೇಲಿನ ಮಡಿಯಲ್ಲಿ ಮಶೀನು ಹೋಗಿ ಬರುತ್ತದೆ, ಪ್ರತಿ ಸುತ್ತಿಗೂ ಒಂದಿಷ್ಟು ಹತ್ತಿರ. ಹೆಂಗಸರ ಕೆಲಸ ತಾಸಿಗೆ ಅರ್ಧ ಎಕರೆಯೂ ಸಾಗುತ್ತಿಲ್ಲ. ಹುಸೇನ್ ಬೀ ಲೆಕ್ಕ ಹಾಕುವುದನ್ನು ಬಿಟ್ಟುಬಿಡುತ್ತಾರೆ.

ಹನ್ನೊಂದರ ಹೊತ್ತಿಗೆ ಗಾಳಿ ತಿರುಗುತ್ತದೆ, ಮೈಗೆ ತಣ್ಣಗೆ ತಾಗುತ್ತದೆ. ಅಷ್ಟು ಹೊತ್ತು ಬದುವಿನ ಮೇಲೆ ನಿಂತಿದ್ದ ಗುರುಸಂಗಪ್ಪ ತಮ್ಮ ಇಬ್ಬರು ಆಳುಗಳನ್ನು ಕೂಗುತ್ತಾರೆ. "ಲೇ, ಕೊಯ್ದೋರು ನೀವ ಅಲ್ಲೇನು? ಎಲ್ಲೆಲ್ಲಿ ಕೊಯ್ದೀರಿ ತೋರಸ್ರಿ ಹೋಗ್ರಿ!" ಆಳುಗಳು ಇಳಿಯುತ್ತಾರೆ. ಹಿಂದೆಯೇ ಧೋತರ ಎತ್ತಿಕಟ್ಟಿ ಅವರೂ. ಹುಸೇನ್ ಬೀ ತಲೆ ಎತ್ತುವುದಿಲ್ಲ. ಪಕ್ಕದ ಸಾಲಿನಿಂದ ಗುದ್ದಲಿಯ ಏಟು ಕೇಳಿಸುತ್ತದೆ, ಅಷ್ಟೇ.

ಹನ್ನೆರಡೂಮುಕ್ಕಾಲಿಗೆ ಮಶೀನು ಕೆಳಗಿನ ಮಡಿಗೆ ಬಂತು. ಹುಸೇನ್ ಬೀ ಅದರ ಮುಂದೆ ಮುಂದೆ ಹಿಂದಡಿ ಇಡುತ್ತಾ, ಕೈ ಬೀಸಿ ಕರೆಯುತ್ತಾ ಬಂದರು. ಭತ್ತ ಮಲಗಿ ಒಳಗೆ ಹೋಗುತ್ತಿತ್ತು. ಒಂದು ಸಲವೂ ಬ್ಲೇಡು ತಡವರಿಸಲಿಲ್ಲ. ಹೊಳೆಯ ಕಡೆಯ ಮೂಲೆ ಬಂದಾಗ ಅವರು ಅಂಗೈ ಅಗಲಿಸಿ ಎತ್ತಿದರು. ಹತ್ತು ಗುಂಟೆಯಷ್ಟು ಜಾಗ ತಡವಲು ಆಗಿರಲಿಲ್ಲ.

"ಹತ್ತು ಗುಂಟೆಯಾಗ ಎಷ್ಟಿರ್ತಾವ? ಹೊಡದುಬಿಡ್ಲಿ," ಎಂದು ಗುರುಸಂಗಪ್ಪ ಹಿಂದಿನಿಂದ ಕೂಗಿದರು.

ಹುಸೇನ್ ಬೀ ಕೈ ಇಳಿಸಲಿಲ್ಲ. ಅಮ್ಜದ್ ಅವರ ಅಂಗೈಯನ್ನೇ ನೋಡಿದ. ಮಶೀನು ತಿರುಗಿ, ಕಾದಿದ್ದ ಮುಂದಿನ ಹೊಲಕ್ಕೆ ಹೊರಟಿತು.

ಮಳೆ ಬಂದದ್ದು ನಾಲ್ಕು ಗಂಟೆಗೆ. ಭತ್ತ ಆ ಹೊತ್ತಿಗೆ ತಾಡಪಾಲಿನ ಕೆಳಗೆ ಸೇರಿತ್ತು. ಮೂಲೆಯ ಹತ್ತು ಗುಂಟೆ ಮಾತ್ರ ಕಣ್ಣೆದುರಿಗೇ ಮಲಗಿತು. ಟಂಟಂ ಹತ್ತುವಾಗ ಗುರುಸಂಗಪ್ಪ ಕೂಲಿ ಕೈಗಿಟ್ಟು ಹೇಳಿದ್ದು ಒಂದೇ ಮಾತು: "ಬರೋ ವರ್ಷ ನಮ್ಮ ಹೊಲಕ್ಕ ಬರಬ್ಯಾಡ." ಆ ಹೊಲವೆಂದರೆ ಏಳು ಮನೆಗೆ ಹತ್ತು ದಿನದ ಕೆಲಸ.

ಎಂಟನೇ ದಿನ ಗುರುಸಂಗಪ್ಪ ಹಡಗಲಿಯ ಇವರ ಮನೆ ಹುಡುಕಿಕೊಂಡು ಬಂದರು. ಮಲಗಿದ ಮೂಲೆಯ ಭತ್ತವನ್ನು ಕುಡುಗೋಲಿನಲ್ಲಿ ಕೊಯ್ಯಿಸಿದ್ದರಂತೆ. ಸಿಕ್ಕ ಕೂಳೆಗಳನ್ನು ಆಳುಗಳು ಎಣಿಸಿದರೆ ನೂರಾ ನಲವತ್ತಕ್ಕೂ ಮೇಲೆ. ಅದನ್ನು ಹೇಳಲೆಂದು ಬಂದವರೋ, ಬೇರೆ ಏನು ಹೇಳಬೇಕೆಂದಿದ್ದರೋ, ಕಟ್ಟೆಯ ಮೇಲೆ ಹಸನ್ ಸಾಬರ ಪಕ್ಕ ಕೂತರು. ಚಹಾ ಬಂತು. ಸಾಬರು ಎಡಗೈಯಲ್ಲಿ ಲೋಟ ತೆಗೆದುಕೊಂಡರು, ಬಲಗೈ ತೊಡೆಯ ಮೇಲಿತ್ತು. ಗುರುಸಂಗಪ್ಪ ಆ ಕೈಯನ್ನು ನೋಡಿದರು. ಏನಾಯಿತೆಂದು ಕೇಳಿದರು. ಕೇಳಿಸಿಕೊಂಡು, ಚಹಾದ ಲೋಟ ಕೆಳಗಿಟ್ಟರು.

ಹೋಗುವಾಗ ಬಾಗಿಲಲ್ಲಿ ನಿಂತು, "ಬರೋ ವರ್ಷ ಯಾವಾಗ ಬರ್ತೀರಿ?" ಎಂದರು. ಅಲ್ಲಿಯ ತನಕ ಅವರು ಹುಸೇನ್ ಬೀ ಒಬ್ಬರನ್ನೇ ಉದ್ದೇಶಿಸಿ ನೀವು ಎಂದವರಲ್ಲ.

"ಕಾಯಿ ಆದ ಮ್ಯಾಲೆ ಕರೀಬ್ಯಾಡ್ರಿ," ಎಂದರು ಹುಸೇನ್ ಬೀ. "ನಾಟಿ ಆಗಿ ಇಪ್ಪತ್ತೈದನೇ ದಿನಕ್ಕ ಕರೀರಿ. ಹೊಲದಾಗ ನೀರಿರ್ತೈತಿ, ಗೇಣುದ್ದ ಇರ್ತಾವ, ಎರಡು ಬೆರಳಿಗೆ ಬರ್ತಾವ. ಮತ್ತ ಹೂವಿಗೊಂದು ಸಲ. ನಾಕು ವರ್ಷ ಹಿಂಗ ಮಾಡಿದ್ರ ನಮ್ಮನ್ನ ಕರಿಯೋದ ಬೇಕಾಗಂಗಿಲ್ಲ."

ಹಾಗಾದರೆ ನಿಮ್ಮ ಕೆಲಸವೇ ಹೋಗುವುದಲ್ಲ ಎಂದರೆ ಅವರು ನಗುತ್ತಾರೆ. ಹೊಳೆಸಾಲು ಉದ್ದ ಇದೆ, ಹೊಲ ಬಹಳ ಇವೆ ಎನ್ನುತ್ತಾರೆ. ಏಳು ವರ್ಷದಲ್ಲಿ ಈ ಗುಂಪು ಕೈ ಆಡಿಸಿದ ಹೊಲಗಳಲ್ಲಿ ಜೀಲಗ ಸಿಕ್ಕಿ ಮಶೀನು ನಿಂತದ್ದಿಲ್ಲ. ಇದನ್ನು ಹೇಳಿದವಳು ಕಲ್ಯಾಣಮ್ಮ. ಹುಸೇನ್ ಬೀ ಆಗ ಒಳಗೆ ಪಾತ್ರೆ ಎತ್ತಿಡುತ್ತಿದ್ದರು.

ಪತ್ರಿಕೆಗೆ ಒಂದು ಫೋಟೊ ಬೇಕು ಎಂದಾಗ ಮಾತ್ರ ಹೊರಗೆ ಬಂದು, ಸೆರಗಿನಿಂದ ಕೈ ಒರೆಸಿಕೊಂಡು, ಇಲ್ಲವೆಂದು ತಲೆಯಾಡಿಸುತ್ತಾರೆ. "ನನ್ನ ಮುಖ ಯಾಕ್ರಿ? ಹಾಕೋದಾದ್ರ ಆ ಗಿಡದ್ದು ಹಾಕ್ರಿ. ಕಾಯಿ ಇರೋದು ಬ್ಯಾಡ, ಹೂವಿದ್ದಾಗಿಂದು. ಹಳದಿ ಹೂವು, ನೋಡಾಕ ಭಾಳ ಚಂದ. ಚಂದ ಐತಂತ ಜನ ಬಿಟ್ಟುಬಿಡ್ತಾರ. ಬಿಡಬಾರದ್ರಿ."